ಕಾಫಿ ಕುಡಿದು ಹೋದ ಓ. ಬ್ಲಾಜೆಕ್

ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಳೆಯ ಸಿಟ್ಟುಗಳನ್ನು ಕೂಡಿಡುತ್ತಾರೆ. ಟೋಬಿನ್ ಊರಿನ ಡೆಲ್ಬರ್ಟ್ ಶ್ಲೂಟರ್ ಮುಖಗಳನ್ನು ಕೂಡಿಡುತ್ತಿದ್ದ. ಅದೂ ಎಂಥವರ ಮುಖ? ಹೆಂಡತಿ ಮಕ್ಕಳೇ ಮರೆತುಬಿಟ್ಟ ಬೇಸ್‌ಬಾಲ್ ಆಟಗಾರರದು.

ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಕೂತಿರುವ ಟೋಬಿನ್‌ಗೆ ಹಿಂದೊಮ್ಮೆ ತನ್ನದೇ ತಂಡವಿತ್ತು. ಸೌತೆಕಾಯಿಯನ್ನು ಉಪ್ಪುನೀರಲ್ಲಿ ನೆನೆಹಾಕುತ್ತಿದ್ದ ಊರಿನ ಉಪ್ಪಿನಕಾಯಿ ಕಾರ್ಖಾನೆಯವರು ಸಂಬಳ ಕೊಟ್ಟು ಆಡಿಸುತ್ತಿದ್ದುದರಿಂದ ಅದಕ್ಕೆ ‘ಟೋಬಿನ್ ಪಿಕಲ್ಸ್’ ಎಂದೇ ಹೆಸರು. ಅಂದರೆ ಟೋಬಿನ್ನಿನ ಉಪ್ಪಿನಕಾಯಿಗಳು. ಹೆಸರು ಸರಿಯಾಗಿಯೇ ಇತ್ತು. ದೊಡ್ಡ ಪಟ್ಟಣಗಳ ತಂಡಗಳು ಎಲೆಯ ನಡುವಿನ ಅನ್ನವಾದರೆ ಇವರು ತುದಿಗೆ ಬಡಿಸಿದವರು. ೧೯೩೬ರಲ್ಲಿ ಒಂದೇ ಒಂದು ಬೇಸಿಗೆ ಆಡಿ, ತಮ್ಮ ಲೀಗಿನಲ್ಲಿ ಕೊನೆಯವರಾಗಿ ನಿಂತು, ತಂಡ ಮುಚ್ಚಿಹೋಯಿತು. ಊರು ಅದನ್ನು ಮರೆಯಿತು. ಐವತ್ತೈದು ವರ್ಷವಾದ ಮೇಲೂ ಮರೆಯದೆ ಉಳಿದವನು ಡೆಲ್ಬರ್ಟ್ ಒಬ್ಬನೇ. ಆ ತಂಡ ಆಡುವಾಗ ಅವನು ಹುಟ್ಟೇ ಇರಲಿಲ್ಲ ಎಂಬುದು ಬೇರೆ ಮಾತು.

ಮನೆಮನೆಯ ನೆಲಮಾಳಿಗೆಗೆ ಇಳಿದು ನೀರಿನ ಮೀಟರ್ ಓದುವುದು ಅವನ ಉದ್ಯೋಗ. ಮೀಟರ್ ಓದಿ ಮೇಲೆ ಬಂದವನು ಟೋಪಿ ತೆಗೆದು, “ನಿಮ್ಮಜ್ಜನ ಹಳೇ ಫೋಟೊ ಏನಾದ್ರೂ ಇದ್ಯಾ?” ಎಂದು ಕೇಳುತ್ತಿದ್ದ. ಹೀಗೆ ಹದಿನಾಲ್ಕು ವರ್ಷ ಕೇಳಿ ಕೇಳಿ, ಆ ತಂಡದ ಹದಿನೆಂಟು ಜನರಲ್ಲಿ ಹದಿನೇಳು ಜನರ ಮುಖಗಳನ್ನು ಅವನು ಸಂಪಾದಿಸಿದ್ದ. ಒಬ್ಬ ಸಿಕ್ಕಿದ್ದು ಯಾರದೋ ಮದುವೆಯ ಗುಂಪಿನ ಹಿಂದಿನ ಸಾಲಿನಲ್ಲಿ, ಅರ್ಧ ಮುಖ, ಉಳಿದರ್ಧಕ್ಕೆ ವಧುವಿನ ಚಿಕ್ಕಮ್ಮನ ಟೋಪಿ ಅಡ್ಡ. ಇನ್ನೊಬ್ಬ ಸಂತೆಯಲ್ಲಿ ಬಹುಮಾನ ಗೆದ್ದ ಹಂದಿಯ ಪಕ್ಕ ನಿಂತಿದ್ದ; ಹಂದಿ ಸ್ಪಷ್ಟವಾಗಿಯೇ ಬಂದಿತ್ತು. ಇವೆಲ್ಲವನ್ನೂ ಕಟ್ಟು ಹಾಕಿಸಿ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದಂದು ಊರಿನ ಗ್ರಂಥಾಲಯದ ಗೋಡೆಗೆ ಏರಿಸುವುದೆಂದು ನಿಶ್ಚಯವಾಗಿತ್ತು. ಹದಿನೆಂಟು ಮೊಳೆಗಳನ್ನು ಅವನೇ ಹೊಡೆದು ಬಂದಿದ್ದ.

ಹದಿನೆಂಟನೆಯ ಮೊಳೆ ಓ. ಬ್ಲಾಜೆಕ್ ಎಂಬವನದು. ಲೀಗಿನ ದಾಖಲೆಯಲ್ಲಿ ಅವನ ಬಗ್ಗೆ ಇದ್ದದ್ದು ಇಷ್ಟು: ಆಗಸ್ಟ್ ತಿಂಗಳು, ಒಂದು ಆಟ, ಒಂದು ಸಲ ಬ್ಯಾಟ್ ಹಿಡಿದ, ಔಟಾದ. ಬೇಸ್‌ಬಾಲಿನವರ ಮಾತಿನಲ್ಲಿ ಇಂಥವನನ್ನು ‘ಒಂದು ಕಪ್ ಕಾಫಿ ಕುಡಿದು ಹೋದವನು’ ಅನ್ನುತ್ತಾರೆ. ತಂಡದಲ್ಲಿ ಅವನು ಇದ್ದದ್ದು ಕಾಫಿ ಆರುವಷ್ಟು ಹೊತ್ತು ಎಂದು ಅದರರ್ಥ. ಆಟದ ಹುಚ್ಚಿದ್ದವರಿಗೆ ಇದು ದಿನಬಳಕೆಯ ಮಾತು. ಹುಚ್ಚಿಲ್ಲದವರಿಗೆ ಕಾಫಿ ಅಂದರೆ ಕಾಫಿಯೇ. ಮುಂದೆ ನಡೆದ ಅನಾಹುತವೆಲ್ಲ ಈ ಎರಡು ಪಂಗಡಗಳ ನಡುವೆ ನಡೆದದ್ದು.

ಬ್ಲಾಜೆಕ್ ಎಂಬ ಹೆಸರಿನವರು ಆ ರಾಜ್ಯದಲ್ಲಿ ಎಲ್ಲೆಲ್ಲಿದ್ದಾರೋ ಅವರಿಗೆಲ್ಲ ಡೆಲ್ಬರ್ಟ್ ಕಾಗದ ಬರೆದದ್ದಾಗಿತ್ತು. ಒಬ್ಬರೂ ಉತ್ತರಿಸಿರಲಿಲ್ಲ. ಜೂನ್ ಬಂತು. ಕೊನೆಯ ಉಪಾಯವೆಂದು ಅವನು ಊರಿನ ವಾರಪತ್ರಿಕೆ ‘ಟೋಬಿನ್ ಬೀಕನ್’ ಕಚೇರಿಗೆ ಒಂದು ಪ್ರಕಟಣೆ ತೆಗೆದುಕೊಂಡು ಹೋದ. ಅಲ್ಲಿ ಹೊಸದಾಗಿ ಬಂದಿದ್ದ ಸಂಪಾದಕಿ ಡಿಯಾನ್, ಪ್ರಾಯದ ಹುಡುಗಿ, ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಶ್ಲೂಟರ್ ಅವ್ರೇ, ಇದು ಪ್ರಕಟಣೆನೋ ಪುರಾಣನೋ? ನನ್ನ ಹತ್ರ ಜಾಗ ಇರೋದು ನಾಲ್ಕು ಸಾಲಿಗೆ.”

“ಕತ್ತರಿಸಮ್ಮ, ನಿನಗೆ ಬೇಕಾದ್ದು ಕತ್ತರಿಸು. ಆದ್ರೆ ಭಾವನೆ ಮಾತ್ರ ಉಳಿಸು. ಭಾವನೆ ಇಲ್ದಿದ್ರೆ ಜನ ಫೋಟೊ ಕೊಡಲ್ಲ.”

ಡಿಯಾನ್ ಮಾತಿಗೆ ತಪ್ಪಲಿಲ್ಲ. ಭಾವನೆಯನ್ನು ಉಳಿಸಿದಳು, ಬೇಸ್‌ಬಾಲನ್ನು ಕತ್ತರಿಸಿದಳು. ಗುರುವಾರದ ಪತ್ರಿಕೆಯಲ್ಲಿ, ಮಾರಾಟಕ್ಕಿರುವ ಕರುಗಳಿಗೂ ಚರ್ಚಿನ ಸಹಭೋಜನಕ್ಕೂ ನಡುವೆ, ಹೀಗೆ ಅಚ್ಚಾಯಿತು:

‘೧೯೩೬ರ ಆಗಸ್ಟಿನಲ್ಲಿ ನಮ್ಮೂರಿಗೆ ಬಂದು, ಒಂದು ಕಪ್ ಕಾಫಿ ಕುಡಿದು, ಮತ್ತೆಂದೂ ಕಾಣದೆ ಹೋದ ಓ. ಬ್ಲಾಜೆಕ್ ಅವರ ಮುಖವನ್ನು ಒಮ್ಮೆಯಾದರೂ ನೋಡಬೇಕೆಂದು ವರ್ಷಗಳಿಂದ ಹಂಬಲಿಸುತ್ತಿದ್ದೇನೆ. ಫೋಟೊ ಇದ್ದವರು ದಯವಿಟ್ಟು ತಿಳಿಸಿ. ಅವರಿಲ್ಲದೆ ನನ್ನ ಕುಟುಂಬ ಅಪೂರ್ಣ. — ಡೆಲ್ಬರ್ಟ್ ಶ್ಲೂಟರ್.’

ತಂಡವನ್ನು ‘ಕುಟುಂಬ’ ಎಂದು ಕರೆದದ್ದು ಡೆಲ್ಬರ್ಟನೇ. ಅದನ್ನು ಓದಿ ಅವನ ಕಣ್ಣು ತೇವವಾಯಿತು. ಹುಡುಗಿಗೆ ಕೈಗುಣವಿದೆ ಅಂದುಕೊಂಡ.

ಸೂರ್ಯ ನೆತ್ತಿಗೆ ಬರುವ ಮೊದಲೇ ಪಕ್ಕದ ಮನೆಯ ಓಪಲ್ ಟೀಡ್‌ಮನ್ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಗಾಜಿನ ಬೋಗುಣಿ. ಒಳಗೆ ಮೀನು, ನೂಡಲ್ಸ್, ಬಟಾಣಿ, ಮೇಲೆ ಕರಗಿದ ಚೀಸು. ಟೋಬಿನ್‌ನಲ್ಲಿ ಇಂಥ ಬೋಗುಣಿ ಮನೆಗೆ ಬಂತೆಂದರೆ ಯಾರೋ ತೀರಿಕೊಂಡಿದ್ದಾರೆಂದೇ ಲೆಕ್ಕ.

“ಯಾರು ಹೋದ್ರು ಓಪಲ್?” ಎಂದ ಡೆಲ್ಬರ್ಟ್ ಗಾಬರಿಯಿಂದ.

“ಹೋದವರ ವಿಷಯ ಅಲ್ಲಪ್ಪ, ಬಂದವರ ವಿಷಯ,” ಎಂದಳು ಓಪಲ್, ದನಿ ತಗ್ಗಿಸಿ. “ಪೇಪರ್ ನೋಡ್ದೆ.”

ಡೆಲ್ಬರ್ಟನ ಮುಖ ಅರಳಿತು. “ನೋಡಿದ್ಯಾ! ಹೇಗಿದೆ?”

“ಎದೆ ಚುರ್ ಅಂತು. ಎಷ್ಟು ದಿನದಿಂದ ಇದನ್ನ ಮನಸ್ಸಲ್ಲಿ ಇಟ್ಕೊಂಡಿದ್ಯೋ ಏನೋ.”

“ಹದಿನಾಲ್ಕು ವರ್ಷ! ಕಣ್ಣು ಮುಚ್ಚಿದ್ರೆ ಅವನದೇ ಯೋಚನೆ. ಮೂಗು ಹೇಗಿತ್ತೋ, ಗಲ್ಲ ಹೇಗಿತ್ತೋ...”

ಓಪಲ್ ಅವನ ಮೂಗನ್ನು ನೋಡಿದಳು. ಆಮೇಲೆ ಗಲ್ಲವನ್ನು ನೋಡಿದಳು. “ಆರ್ಡಿಸ್‌ಗೆ ಗೊತ್ತಾ?”

“ನನ್ನ ಹೆಂಡ್ತಿಗೆ ಗೊತ್ತಿಲ್ದೆ ಇರತ್ತಾ? ಅವಳಿಗೆ ಸಾಕಾಗಿಹೋಗಿದೆ. ಸತ್ತವರನ್ನೆಲ್ಲ ಊಟದ ಮೇಜಿಂದ ಎತ್ತು ಅಂತಾಳೆ.”

“ಮತ್ತೆ... ನಿಮ್ಮಮ್ಮ?”

“ಅಮ್ಮ ಆ ಬೇಸಿಗೆಯ ಬಗ್ಗೆ ಮಾತೇ ಎತ್ತಲ್ಲ. ಎಷ್ಟು ಸಲ ಕೇಳಿದೀನಿ. ಕೇಳಿದ ತಕ್ಷಣ ಮಾತು ತಿರುಗಿಸಿಬಿಡ್ತಾಳೆ.”

“ತಿರುಗಿಸದೆ ಏನ್ ಮಾಡ್ತಾಳೆ ಬಿಡು, ಪಾಪ,” ಎಂದು ಓಪಲ್ ಬೋಗುಣಿಯನ್ನು ಅವನ ಕೈಗಿತ್ತು, ಅವನ ಕೆನ್ನೆ ತಟ್ಟಿ ಹೋದಳು. ಐವತ್ನಾಲ್ಕು ವರ್ಷದ ಗಂಡಸಿನ ಕೆನ್ನೆ ತಟ್ಟುವುದು ಅವರ ಬೀದಿಯ ವಾಡಿಕೆಯಲ್ಲ. ಡೆಲ್ಬರ್ಟ್ ಮಾತ್ರ, ಕಡೆಗೂ ಈ ಊರಿಗೆ ಇತಿಹಾಸದ ಬೆಲೆ ತಿಳಿಯಿತು ಅಂದುಕೊಂಡು ಬೋಗುಣಿಯನ್ನು ಒಳಗಿಟ್ಟ.

ಅವತ್ತು ಮೀಟರ್ ಓದಲು ಹೋದಲ್ಲೆಲ್ಲ ಇದೇ ಉಪಚಾರ. ಕ್ಷೌರದಂಗಡಿಯವನು ಹೊರಗೆ ಬಂದು ಭುಜ ಹಿಡಿದು, “ಡೆಲ್, ಹುಟ್ಟಿಸಿದವನಿಗಿಂತ ಸಾಕಿದವನೇ ದೊಡ್ಡವನು ಕಣಯ್ಯ, ನೆನಪಿಡು,” ಎಂದ. ತಂಡವನ್ನು ಹುಟ್ಟಿಸಿದ್ದು ಕಾರ್ಖಾನೆಯ ಯಜಮಾನ, ಸಾಕಿದ್ದು ಊರಿನ ಜನ, ಎಂದು ಡೆಲ್ಬರ್ಟ್ ಲೆಕ್ಕ ಹಾಕಿ, “ನಾನೂ ಅದೇ ಹೇಳೋದು!” ಎಂದ. ಕ್ಷೌರದವನು ಕಣ್ಣೊರೆಸಿಕೊಂಡ.

ಶುಕ್ರವಾರ ಪಾದ್ರಿ ಲಿಂಡ್‌ಕ್ವಿಸ್ಟ್ ಬಂದರು. ಆರ್ಡಿಸ್ ಕೂದಲಿಗೆ ಸುರುಳಿ ಹಾಕಿಸಿಕೊಳ್ಳಲು ಹೋಗಿದ್ದಳು. ಡೆಲ್ಬರ್ಟನೇ ಪಾದ್ರಿಗಳನ್ನು ಕೂರಿಸಿ, ಓಪಲ್‌ಳ ಬೋಗುಣಿಯಿಂದ ಒಂದಿಷ್ಟು ಬಡಿಸಿ, ಕಾಫಿ ಬಗ್ಗಿಸಿಕೊಟ್ಟ. ಪಾದ್ರಿಗಳು ಕಾಫಿಯ ಕಡೆ ನೋಡಿ ನಿಟ್ಟುಸಿರಿಟ್ಟರು.

“ಡೆಲ್ಬರ್ಟ್, ಇಂಥದ್ದರಲ್ಲಿ ಯಾರನ್ನೂ ದೂರೋದು ಬೇಡ. ಅವರಿಗೆ ಆಗ ಚಿಕ್ಕ ವಯಸ್ಸು.”

“ಚಿಕ್ಕ ವಯಸ್ಸೇ ಪಾದ್ರಿಗಳೇ. ದೂರೋದೆಲ್ಲಿ ಬಂತು? ಒಂದು ಅವಕಾಶ ಸಿಕ್ತು, ಬೀಸಿ ನೋಡಿದ. ಎಲ್ರೂ ಮಾಡೋದೇ ಅದು.”

ಪಾದ್ರಿಗಳು ಕೆಮ್ಮಿದರು. “ಹೌದು... ಹಾಗೂ ಹೇಳಬಹುದು. ನೀನು ಇದನ್ನ ಇಷ್ಟು ಹಗುರವಾಗಿ ತಗೊಂಡದ್ದು ದೇವರ ದಯೆ. ಅವರೊಬ್ಬರ ಮುಖ ನೋಡಿದ್ರೆ ನಿನ್ನ ಮನಸ್ಸಿಗೆ ಶಾಂತಿ ಸಿಗುತ್ತೆ ಅಲ್ವಾ?”

“ಅವನೊಬ್ಬನದೇ ಬಾಕಿ. ಉಳಿದ ಹದಿನೇಳು ಜನರದೂ ಸಿಕ್ಕಿದೆ.”

“ಉಳಿದ... ಏನಂದೆ?”

“ಹದಿನೇಳು ಜನ. ಆ ಬೇಸಿಗೆಯಲ್ಲಿ ಒಟ್ಟು ಹದಿನೆಂಟು ಜನ ಇದ್ರಲ್ಲ! ಬನ್ನಿ, ತೋರಿಸ್ತೀನಿ, ಎಲ್ರಿಗೂ ಕಟ್ಟು ಹಾಕಿಸಿಟ್ಟಿದೀನಿ. ಜುಲೈ ನಾಲ್ಕಕ್ಕೆ ಗ್ರಂಥಾಲಯದಲ್ಲಿ ಊರಿಗೆಲ್ಲ ತೋರಿಸೋದು.”

ಪಾದ್ರಿಗಳ ಕಾಫಿ ಅವರ ಮಡಿಲಿಗೆ ಹೋಯಿತು. ಅದು ಬಿಸಿಯಾಗಿತ್ತು, ಆದರೂ ಅವರು ಕೂಗಲಿಲ್ಲ. ಟೋಪಿ ಮರೆತು ಎದ್ದು ನಡೆದರು.

ಸಂಜೆ ಆರ್ಡಿಸ್ ಬಂದಳು. ಅರ್ಧ ತಲೆಗೆ ಮಾತ್ರ ಸುರುಳಿ ಬಿದ್ದಿತ್ತು. ಉಳಿದರ್ಧಕ್ಕೆ ಕಾಯುವ ತಾಳ್ಮೆ ಅವಳಿಗೆ ಉಳಿದಿರಲಿಲ್ಲ.

“ಡೆಲ್, ನಿನ್ನ ಹುಟ್ಟಿದಬ್ಬ ಯಾವಾಗ?”

“ಮೇ ತಿಂಗಳಲ್ಲಿ. ಯಾಕೆ, ಮರೆತುಹೋಯ್ತಾ?”

“ಯಾವ ವರ್ಷ?”

“ಮೂವತ್ತೇಳು.”

“ಮೂವತ್ತಾರರ ಆಗಸ್ಟಿಂದ ಮೂವತ್ತೇಳರ ಮೇವರೆಗೆ ಎಣಿಸು. ಬಾಯಲ್ಲಿ ಬೇಡ, ಬೆರಳಲ್ಲಿ ಎಣಿಸು. ಊರೆಲ್ಲ ಹಾಗೇ ಎಣಿಸ್ತಾ ಇದೆ.”

ಡೆಲ್ಬರ್ಟ್ ಎಣಿಸಿದ. ಬೆರಳುಗಳು ಬೇಕಾದ ಜಾಗಕ್ಕೇ ಬಂದು ನಿಂತವು. ಆದರೂ ಅವನಿಗೆ ಹೊಳೆಯಲಿಲ್ಲ. ನೀರಿನ ಮೀಟರ್ ಓದುವವರು ಅಂಕಿಯನ್ನು ಬರೆದುಕೊಳ್ಳುತ್ತಾರೆಯೇ ಹೊರತು ಅದರ ಅರ್ಥ ಕೇಳುವುದಿಲ್ಲ.

“ನಿಮ್ಮಮ್ಮ ಆಗ ಎಲ್ಲಿ ಕೆಲಸ ಮಾಡ್ತಿದ್ರು?”

“ಹೋಟೆಲಲ್ಲಿ. ಆಟಗಾರರೆಲ್ಲ ಅಲ್ಲೇ ಇಳ್ಕೋತಿದ್ರು.”

“ಅಲ್ಲಿ ಏನ್ ಕೆಲಸ?”

“ಬಂದವರಿಗೆ ಕಾಫಿ ಬಗ್ಗಿಸೋ...” ಎಂದವನು ಅಲ್ಲಿಗೇ ನಿಂತ. ನಿಂತವನು ಕೂತ. ಕೂತದ್ದು ಕುರ್ಚಿಯ ಮೇಲಿದ್ದ ಹಂದಿಯ ಪಕ್ಕದ ಆಟಗಾರನ ಮೇಲೆ. ಗಾಜು ಚಟ್ ಎಂದಿತು.

“ಹದಿನೆಂಟು ಜನ ಅಂತ ಪಾದ್ರಿಗಳ ಮುಂದೆ ಹೇಳಿದ್ಯಂತೆ!” ಆರ್ಡಿಸ್ ಕೈಚೀಲವನ್ನು ಮೇಜಿಗೆ ಎಸೆದಳು. “ಬಿಸಿಗಾಳಿ ಯಂತ್ರದ ಕೆಳಗೆ ತಲೆ ಇಟ್ಕೊಂಡು ಕೂತಿದ್ದೆ, ಅವರ ಹೆಂಡ್ತಿ ಬಂದು ನನ್ನ ಕೈ ಹಿಡ್ಕೊಂಡು ಗೊಳೋ ಅಂತ ಅತ್ಲು. ಎಪ್ಪತ್ತಾರು ವರ್ಷದ ಮುದುಕಿ ನಿಮ್ಮಮ್ಮ, ಜೀವಮಾನದಲ್ಲಿ ಒಂದು ಲೋಟ ಬಿಯರ್ ಮುಟ್ಟಿದವಳಲ್ಲ. ಅವಳ ಮಾನ ಪೇಪರಿಗೆ ಹಾಕಿದ್ಯಲ್ಲೋ, ಅದೂ ಕರುಗಳ ಪಕ್ಕದಲ್ಲಿ!”

ಡೆಲ್ಬರ್ಟ್ ಬೀಕನ್ ಕಚೇರಿಗೆ ಓಡಿದ. ಡಿಯಾನ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಆಟದ ಮಾತಿನಲ್ಲಿ ಕಾಫಿ ಅಂದರೆ ಕಾಫಿಯಲ್ಲ, ಅದೊಂದು ಮಾತಿನ ಮಾತು ಎಂದು ಅವನು ಬೆವರುತ್ತ ವಿವರಿಸಿದ. ಅವಳು ಬರೆದುಕೊಂಡಳು. ತಪ್ಪನ್ನು ತಿದ್ದಿಕೊಳ್ಳುವುದು ಪತ್ರಿಕಾಧರ್ಮ. ಮುಂದಿನ ಗುರುವಾರದವರೆಗೆ ಕಾಯದೆ ಒಂದು ಹಾಳೆಯ ತಿದ್ದುಪಡಿ ಅಚ್ಚು ಹಾಕಿಸಿ ಅಂಗಡಿಗಳ ಕಿಟಕಿಗೆ ಅಂಟಿಸಿಯೇಬಿಟ್ಟಳು. ಶನಿವಾರ ಊರು ಅದನ್ನು ಓದಿತು:

‘ತಿದ್ದುಪಡಿ: ಓ. ಬ್ಲಾಜೆಕ್ ಅವರು ೧೯೩೬ರ ಆಗಸ್ಟಿನಲ್ಲಿ ಇಲ್ಲಿ ಕಾಫಿ ಕುಡಿದರೆಂದು ಪ್ರಕಟವಾಗಿತ್ತು. ಅದು ನಿಜವಾಗಿ ಕಾಫಿಯಲ್ಲವೆಂದು ಡೆಲ್ಬರ್ಟ್ ಶ್ಲೂಟರ್ ತಿಳಿಸಿದ್ದಾರೆ.’

ಅಲ್ಲಿಯವರೆಗೆ ಸಂಶಯದಲ್ಲಿದ್ದ ನಾಲ್ಕಾರು ಮನೆಯವರೂ ಅವತ್ತು ಬೋಗುಣಿ ಕಳಿಸಿದರು.

ಭಾನುವಾರ ಡೆಲ್ಬರ್ಟ್ ಚರ್ಚಿಗೆ ಹೋಗಲಿಲ್ಲ. ಅಮ್ಮನನ್ನು ನೋಡಲೂ ಹೋಗಲಿಲ್ಲ. ಅವನಮ್ಮ ಇರ್ಮಾ ಚರ್ಚಿನವರು ನಡೆಸುವ ವೃದ್ಧರ ಮನೆಯಲ್ಲಿದ್ದಳು. ಅಲ್ಲಿ ಬೀಕನ್ ಪತ್ರಿಕೆಯನ್ನು ಪ್ರಾರ್ಥನೆಯ ಪುಸ್ತಕಕ್ಕಿಂತ ಶ್ರದ್ಧೆಯಿಂದ ಓದುತ್ತಾರೆಂದು ಅವನಿಗೆ ಗೊತ್ತಿತ್ತು. ಹೊದ್ದು ಮಲಗುವುದೇ ಲೇಸೆಂದುಕೊಳ್ಳುತ್ತಿರುವಾಗ ಮನೆ ಮುಂದೆ ಒಂದು ಹಳೆಯ ಟ್ರಕ್ಕು ಬಂದು ನಿಂತಿತು. ಕರಿ ಸೂಟಿನ ಮುದುಕನೊಬ್ಬ ಇಳಿದ. ಒಂದು ಕೈಯಲ್ಲಿ ಹಣ್ಣಿನ ಪಾಕ ತುಂಬಿದ ಕೊಲಾಚೆ ಬನ್ನುಗಳ ಡಬ್ಬಿ, ಇನ್ನೊಂದು ಕೈ ಎದೆಯ ಜೇಬಿನ ಮೇಲೆ.

ಬಾಗಿಲು ತೆರೆದ ಡೆಲ್ಬರ್ಟನನ್ನು ಮುದುಕ ಕಣ್ಣಿಟ್ಟು ನೋಡಿದ. ಆಮೇಲೆ ಡಬ್ಬಿ ಸಮೇತ ತಬ್ಬಿಕೊಂಡ.

“ನಾನು ಲಾಡಿಸ್ಲಾವ್ ಬ್ಲಾಜೆಕ್. ಓಟಾಕರ್ ನನ್ನ ಅಣ್ಣ. ನಿಮ್ಮೂರಿನ ಪೇಪರ್ ನನ್ನ ಕೈಗೂ ಬಂತು. ಅಯ್ಯೋ ಮಗನೇ, ಇಷ್ಟು ವರ್ಷ ಎಲ್ಲಿದ್ಯೋ!”

“ಇಲ್ಲೇ,” ಎಂದ ಡೆಲ್ಬರ್ಟ್. ಅದು ಸತ್ಯವಾಗಿತ್ತು.

ಒಳಗೆ ಕೂತು ಮುದುಕ ಕಥೆ ಹೇಳಿದ. ಓಟಾಕರ್ ಹೊಲದ ಕೆಲಸ ಬಿಟ್ಟು ಆಟಗಾರನಾಗುತ್ತೇನೆಂದು ಟೋಬಿನ್‌ಗೆ ಹೊರಟದ್ದು, ಒಂದೇ ವಾರಕ್ಕೆ ತಿರುಗಿ ಬಂದದ್ದು, ಮಾತು ಕಡಿಮೆ ಮಾಡಿ ಕಿಟಕಿಯ ಬಳಿ ಕೂತಿರುತ್ತಿದ್ದುದು, ಆ ಚಳಿಗಾಲದಲ್ಲೇ ನ್ಯುಮೋನಿಯಾಗೆ ಹೋದದ್ದು. “ಆಟದಲ್ಲಿ ಔಟಾದ ಬೇಜಾರು ಅಂತ ನಾವು ಅಂದ್ಕೊಂಡ್ವಿ. ಈಗ ತಿಳೀತು ಅದೇನು ಬೇಜಾರು ಅಂತ. ನಮ್ಮಮ್ಮ ಸಾಯೋತನಕ ಅತ್ಲು, ಓಟಾಕರ್ ಹೆಸರು ಹೇಳೋಕೆ ಒಂದು ಕುಡಿ ಇಲ್ವಲ್ಲ ಅಂತ.”

ಎದೆಯ ಜೇಬಿನಿಂದ ಅವನು ಕರವಸ್ತ್ರದಲ್ಲಿ ಸುತ್ತಿದ್ದ ಫೋಟೊ ತೆಗೆದ.

ಡೆಲ್ಬರ್ಟ್ ಬಗ್ಗಿ ನೋಡಿದ. ಅವನೇ. ಹದಿನೆಂಟನೆಯವನು! ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಸಣಕಲು ಹುಡುಗ, ಎದೆಯ ಮೇಲೆ ‘ಪಿಕಲ್ಸ್’ ಎಂಬ ಅಕ್ಷರಗಳು, ಮತ್ತಾರದೋ ಅಳತೆಗೆ ಹೊಲಿದ ಅಂಗಿ. ಎಡತೋಳನ್ನು ಮೊಣಕೈವರೆಗೆ ನೀಟಾಗಿ ಮಡಚಿತ್ತು, ಬಲತೋಳು ಬೆರಳು ಮುಚ್ಚುವಷ್ಟು ಜೋತುಬಿದ್ದಿತ್ತು. ಡೆಲ್ಬರ್ಟನ ಕೈ ತಾನಾಗಿ ಮುಂದೆ ಹೋಯಿತು. ಮುದುಕ ಫೋಟೊವನ್ನು ಎದೆಗೆ ಒತ್ತಿಕೊಂಡ.

“ಇದನ್ನ ಹೊರಗಿನವರ ಕೈಗೆ ಕೊಟ್ಟವನಲ್ಲ ನಾನು. ರಕ್ತಕ್ಕೆ ಸೇರಿದ್ದು ಇದು. ಯಾವನೋ ಒಬ್ಬ ತಿಕ್ಕಲು, ಬೇಸ್‌ಬಾಲ್ ಫೋಟೊ ಕೂಡಿಡೋನಂತೆ, ಮೂರು ಸಲ ಕಾಗದ ಬರೆದಿದ್ದ. ಹೆಸರೂ ನೋಡದೆ ಮೂರನ್ನೂ ಒಲೆಗೆ ಹಾಕ್ದೆ.”

“ತಿಕ್ಕಲನೇ ಇರಬೇಕು,” ಎಂದ ಡೆಲ್ಬರ್ಟ್. ಆರ್ಡಿಸ್ ಅಡುಗೆಮನೆಯ ಬಾಗಿಲಿನಿಂದ ಅವನನ್ನೇ ನೋಡುತ್ತಿದ್ದಳು.

“ನಿನಗೆ ಕೊಡೋಕೇ ತಂದಿದೀನಿ. ನಿಮ್ಮಮ್ಮ ಇನ್ನೂ ಇದಾರಂತಲ್ಲ. ಅವರ ಎದುರಿಗೇ ನಿನ್ನ ಕೈಗೆ ಇಡ್ಬೇಕು. ನಡಿ.”

ಹೌದು ಅಂದರೆ ಫೋಟೊ ಸಿಗುತ್ತದೆ, ಅಮ್ಮನ ಹೆಸರು ಹೋಗುತ್ತದೆ. ಅಲ್ಲ ಅಂದರೆ ಹೆಸರು ಉಳಿಯುತ್ತದೆ, ಹದಿನೆಂಟನೆಯ ಮೊಳೆ ಬೋಳಾಗಿಯೇ ನಿಲ್ಲುತ್ತದೆ. ಧರ್ಮಸಂಕಟ ಎಂಬುದು ದೊಡ್ಡ ದೊಡ್ಡ ರಾಜರಿಗೆ ಬರುವಂಥದ್ದು. ಮೀಟರ್ ಓದುವವನಿಗೆ ಬಂದರೆ ಅವನು ಏನು ಮಾಡಿಯಾನು? ಟೋಪಿ ಹಾಕಿಕೊಂಡು ಟ್ರಕ್ಕು ಹತ್ತಿದ.

ವೃದ್ಧರ ಮನೆಯ ದೊಡ್ಡ ಕೋಣೆಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಭಾನುವಾರ ಅಜ್ಜಿಯನ್ನು ನೋಡಲು ಬರುವುದನ್ನು ವರ್ಷದಿಂದ ಮರೆತಿದ್ದ ಮೊಮ್ಮಕ್ಕಳೆಲ್ಲ ಹಾಜರಾಗಿದ್ದರು. ಓಪಲ್ ಇದ್ದಳು. ಪಾದ್ರಿಗಳೂ ಟೋಪಿಯಿಲ್ಲದೆ ಬಂದಿದ್ದರು. ನಡುವೆ, ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ, ಇರ್ಮಾ ಕೂತು ಹೆಣಿಗೆ ಹೆಣೆಯುತ್ತಿದ್ದಳು. ಕೂದಲನ್ನು ಅಲೆಅಲೆಯಾಗಿ ಕೂರಿಸಿತ್ತು. ತುಟಿಗೆ ಬಣ್ಣ ಹಚ್ಚಿತ್ತು. ಅಮ್ಮನಿಗೆ ತುಟಿಗಳಿವೆ ಎಂಬುದನ್ನು ಡೆಲ್ಬರ್ಟ್ ಅವತ್ತೇ ಗಮನಿಸಿದ್ದು.

ಕೋಣೆಗೆ ಕೋಣೆಯೇ ಇವರ ಕಡೆ ತಿರುಗಿತು. ಡೆಲ್ಬರ್ಟನಿಗೆ ಆ ಮುಖಗಳ ನಡುವೆ ಅಮ್ಮನ ಮುಖ ಬಹಳ ಚಿಕ್ಕದಾಗಿ ಕಂಡಿತು. ಮುದುಕ ಜೇಬಿಗೆ ಕೈ ಹಾಕುವಷ್ಟರಲ್ಲಿ ಇವನ ಬಾಯಿ ತೆರೆದುಕೊಂಡಿತು.

“ಎಲ್ರೂ ಕೇಳಿ! ಇದೆಲ್ಲ ಸುಳ್ಳು. ನಾನು ಹುಡುಕಿದ್ದು ಅಪ್ಪನ್ನ ಅಲ್ಲ, ಬ್ಯಾಟ್ ಹಿಡಿದವನನ್ನ. ಕಾಫಿ ಅಂದ್ರೆ ಬೇಸ್‌ಬಾಲು. ಹದಿನೆಂಟು ಜನ ಅಂದ್ರೆ ತಂಡ. ನಾನು ಹರ್ಮನ್ ಶ್ಲೂಟರ್ ಮಗ. ಉಪ್ಪಿನಕಾಯಿ ಪೀಪಾಯಿ ತುಂಬ್ತಿದ್ದ ಹರ್ಮನ್ ಮಗ. ನಮ್ಮಮ್ಮ ಪರಪುರುಷರಿಗೆ ಕಾಫಿ ಬಿಟ್ಟು ಇನ್ನೇನನ್ನೂ ಕೊಟ್ಟವಳಲ್ಲ! ಲಾಡಿಸ್ಲಾವ್ ಅವ್ರೇ, ಆ ತಿಕ್ಕಲು ನಾನೇ. ಮೂರು ಕಾಗದಾನೂ ನಂದೇ.”

ಇಷ್ಟು ಉದ್ದದ ಭಾಷಣವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮುಗಿಸಿ ನೋಡಿದರೆ ಕೋಣೆಯ ತುಂಬ ಜೋಲುಮೋರೆ. ಮೊಮ್ಮಕ್ಕಳು ಗಡಿಯಾರ ನೋಡಿಕೊಂಡರು. ಪಾದ್ರಿಗಳು ಮಾತ್ರ ಹದಿನೆಂಟರ ಭಾರ ಇಳಿಸಿಕೊಂಡು ಮೇಲೆ ನೋಡಿ ಏನೋ ಪಿಸುಗುಟ್ಟಿದರು. ಲಾಡಿಸ್ಲಾವ್ ಜೇಬಿನಿಂದ ತೆಗೆದದ್ದನ್ನು ಒಮ್ಮೆ ನೋಡಿದ. ಆಮೇಲೆ ಫೋಟೊವನ್ನು ಕರವಸ್ತ್ರದಲ್ಲಿ ಸುತ್ತತೊಡಗಿದ. ಒಂದು ಮಡಿಕೆ. ಎರಡು ಮಡಿಕೆ. ಡೆಲ್ಬರ್ಟ್ ಆ ಕಡೆ ನೋಡಲಾರದೆ ಗೋಡೆಗೆ ಮುಖ ಮಾಡಿದ.

“ಮುಗೀತಾ ಭಾಷಣ?” ಎಂದಳು ಇರ್ಮಾ, ಹೆಣಿಗೆಯಿಂದ ಕಣ್ಣೆತ್ತದೆ.

“ಮುಗೀತಮ್ಮ.”

“ಮೂವತ್ತಾರರ ಆಗಸ್ಟಲ್ಲಿ ನೀನೆಲ್ಲಿದ್ಯೋ?”

“ನಾನಾ? ಹುಟ್ಟೇ ಇರ್ಲಿಲ್ಲ.”

“ಹುಟ್ಟದೇ ಇದ್ದೋನು ಸಾಕ್ಷಿ ಹೇಳೋಕೆ ನಿಲ್ಲಬಾರದು.” ಹೆಣಿಗೆಯನ್ನು ಮಡಿಲಿಗಿಳಿಸಿ ಅವಳು ಮುದುಕನತ್ತ ಕೈ ಚಾಚಿದಳು. “ತನ್ನಿ ಇಲ್ಲಿ.”

ಲಾಡಿಸ್ಲಾವ್ ಕೊಟ್ಟ. ಯಾಕೆ ಕೊಟ್ಟ ಎಂದು ಅವನಿಗೂ ತಿಳಿಯಲಿಲ್ಲ. ಆ ಕೈ ಹಾಗೆ ಚಾಚಿತ್ತು. ಇರ್ಮಾ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ನಿಜಕ್ಕೂ ಅವಳ ಹೆಣಿಗೆಯ ಕಡ್ಡಿಯೊಂದು ಬಿತ್ತು, ಎಲ್ಲರಿಗೂ ಕೇಳಿಸಿತು.

“ತೋಳು ಉದ್ದ ಅಂಗಿದು,” ಎಂದಳು. “ಎಡಗೈದು ನಾನೇ ಮಡಚಿಕೊಟ್ಟೆ.”

ಓಪಲ್ “ಇರ್ಮಾ!” ಎಂದು ಹತ್ತಿರದವರ ತೋಳು ಹಿಡಿದುಕೊಂಡಳು. ಅದು ಪಾದ್ರಿಗಳ ತೋಳಾಗಿತ್ತು.

“ಮತ್ತೆ ಬಲಗೈದು?” ಎಂದು ಲಾಡಿಸ್ಲಾವ್ ಮುಂದೆ ಬಾಗಿ ಕೇಳಿದ.

“ಅಷ್ಟರಲ್ಲಿ ಆಟಕ್ಕೆ ಕೂಗಿದ್ರು.”

ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಆದರೆ ಊರಿಗೆ ಅಷ್ಟು ಸಾಕಾಗಿತ್ತು. ಲಾಡಿಸ್ಲಾವ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಫೋಟೊವನ್ನು ಅವಳ ಮಡಿಲಲ್ಲೇ ಬಿಟ್ಟು, ಕೊಲಾಚೆಯ ಡಬ್ಬಿ ತೆರೆದು ಎಲ್ಲರಿಗೂ ಹಂಚಿದ.

ಜನ ಕರಗಿದ ಮೇಲೆ ಡೆಲ್ಬರ್ಟ್ ಅಮ್ಮನ ಕಿವಿಯ ಹತ್ತಿರ ಬಾಗಿದ. “ಅಮ್ಮಾ, ಯಾಕಮ್ಮ ಹಾಗಂದೆ? ಅಷ್ಟು ಕಷ್ಟಪಟ್ಟು ನಿನ್ನ ಹೆಸರು ಉಳಿಸಿದ್ದೆ.”

“ಉಳಿಸೋಕೆ ನನ್ನ ಹೆಸರೇನು ನಿಮ್ಮಪ್ಪನ ಸೌತೆಕಾಯೇನೋ? ಈ ಊರಲ್ಲಿ ಯಾರು ಸತ್ರೂ ಆಲೂಗಡ್ಡೆ ಸಲಾಡ್ ಮಾಡಿ ಒಯ್ದವಳು ನಾನು. ಒಬ್ಬರಾದ್ರೂ ಎರಡನೇ ಸಲ ತಿರುಗಿ ನೋಡಿದ್ರಾ? ಗುರುವಾರದಿಂದ ಈಚೆಗೆ ಕಿಟಕಿ ಪಕ್ಕದ ಕುರ್ಚಿ ನಂದು. ಊಟಕ್ಕೆ ಕೂತ್ರೆ ಮೂರು ಜನ ಮುದುಕರು ಉಪ್ಪು ಎತ್ತಿಕೊಡ್ತಾರೆ.”

“ಅಪ್ಪನ ಮರ್ಯಾದೆ?”

“ಅವರದ್ದಕ್ಕೇನೂ ಆಗಲ್ಲ. ಇಷ್ಟು ವರ್ಷ ಉಪ್ಪುನೀರಲ್ಲಿ ನೆನೆದದ್ದು ಈಗ ಕೆಡತ್ತಾ?”

ಡೆಲ್ಬರ್ಟನಿಗೆ ಥಟ್ಟನೆ ಎಲ್ಲ ತಿಳಿದಂತಾಯಿತು. ಅಮ್ಮ ಇದನ್ನೆಲ್ಲ ಮಾಡಿದ್ದು ತನಗಾಗಿ! ಜೇಬಿಗೆ ಹೋಗುತ್ತಿದ್ದ ಫೋಟೊವನ್ನು ಮಗನ ಗೋಡೆಗಾಗಿ ಉಳಿಸಿಕೊಂಡ ಮಹಾತಾಯಿ! ಅವಳ ಹಣೆಗೆ ಮುತ್ತಿಟ್ಟು, ತುಟಿಬಣ್ಣದ ಬಗ್ಗೆ ಏನೂ ಹೇಳದೆ, ಕಟ್ಟು ಹಾಕಿಸಲು ನಾಲ್ಕು ದಿನ ಬಿಟ್ಟು ಬರುತ್ತೇನೆಂದು ಮನೆಗೆ ಹೋದ.

ಬಂದದ್ದು ಜುಲೈ ಮೂರರಂದು. ಗ್ರಂಥಾಲಯದ ಗೋಡೆಗೆ ಹದಿನೇಳು ಜನ ಏರಿದ್ದರು. ಹಂದಿಯವನಿಗೆ ಹೊಸ ಗಾಜು ಬಂದಿತ್ತು. ಫೋಟೊ ಸ್ಟುಡಿಯೊದವನು ಪ್ರತಿ ತೆಗೆಯಲು ಅಂಗಡಿ ತೆರೆದಿಟ್ಟುಕೊಂಡು ಕಾಯುತ್ತಿದ್ದ.

ಇರ್ಮಾಳ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಓಟಾಕರ್ ಬ್ಲಾಜೆಕ್ ಬೆಳ್ಳಿಬಣ್ಣದ ಕಟ್ಟಿನೊಳಗೆ ನಿಂತಿದ್ದ. ಹರ್ಮನ್ ಶ್ಲೂಟರ್‌ನ ಫೋಟೊ ಕೂಡ ಇತ್ತು; ಸ್ವಲ್ಪ ಪಕ್ಕಕ್ಕೆ ಸರಿದಿತ್ತು, ಔಷಧಿ ಬಾಟಲಿಯ ಹಿಂದೆ.

“ಅಮ್ಮಾ, ಕೊಡು, ಹೊತ್ತಾಯ್ತು.”

“ಏನನ್ನ?”

“ಬ್ಲಾಜೆಕ್‌ನ. ನಾಳೆ ಗೋಡೆಗೆ ಏರಿಸಬೇಕಲ್ಲ.”

“ಏರಿಸೋದು ಬೇಡ. ಇಲ್ಲೇ ಇರ್ಲಿ.”

“ಅಮ್ಮಾ, ಹದಿನಾಲ್ಕು ವರ್ಷ ಹುಡುಕಿದೀನಿ! ಊರೆಲ್ಲ ಬರತ್ತೆ ನಾಳೆ. ಹಲ್ಲು ಬಿದ್ದ ಬಾಯಿ ಹಾಗೆ ಕಾಣತ್ತೆ ಗೋಡೆ.” ಅವಳು ಅಲುಗಲಿಲ್ಲ. “ಹೋಗ್ಲಿ, ಎರಡು ಗಂಟೆ ಕೊಡು. ಪ್ರತಿ ತೆಗೆಸಿ ಇದೇ ಜಾಗಕ್ಕೆ ತಂದಿಡ್ತೀನಿ. ನನ್ನಾಣೆ.”

ಇರ್ಮಾ ಕಟ್ಟನ್ನು ಎತ್ತಿಕೊಂಡು, ಅಂಗೈಯಿಂದ ಗಾಜಿನ ಮೇಲಿನ ಧೂಳು ಒರೆಸಿದಳು. ಧೂಳೇನೂ ಇರಲಿಲ್ಲ. ಆಮೇಲೆ ಹುಡುಗನ ಮುಖ ತನ್ನ ದಿಂಬಿನ ಕಡೆಗೆ ಬರುವ ಹಾಗೆ ತಿರುಗಿಸಿ ಇಟ್ಟಳು.

“ಬೇಡ ಕಣೋ ಡೆಲ್,” ಎಂದಳು. “ಒಂದ್ಸಲ ಬಿಟ್ಟು ಹೋದದ್ದೇ ಸಾಕು.”